ರಸ್ತೆಯ ಕಾರಿಗೆ ಹೆಲಿಕಲ್ ಡಿಫರೆನ್ಷಿಯಲ್ಲೇ ಸರಿ

ತಿರುವಿನಿಂದ ಹೊರಬರುವಾಗ ಒಳಬದಿಯ ಮುಂಚಕ್ರ ಹಿಡಿತ ಬಿಟ್ಟು ಗಿರಗಿರನೆ ಸುತ್ತುತ್ತದೆ, ಅದನ್ನು ತಡೆದು ಹಿಡಿತವಿರುವ ಚಕ್ರಕ್ಕೆ ಬಲ ಕಳಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನಲ್ಲಿ ಪ್ಲೇಟ್ ಮಾದರಿ (ಒಂದಕ್ಕೊಂದು ಉಜ್ಜುವ ತಟ್ಟೆಗಳದ್ದು) ಹಾಕಿಸಲೇ, ಹೆಲಿಕಲ್ (ಓರೆ ಹಲ್ಲಿನ ಗೇರುಗಳದ್ದು) ಹಾಕಿಸಲೇ ಎಂದು ಕೇಳಿದ್ದೀರಿ. ದಿನನಿತ್ಯ ಓಡಿಸುವ ಕಾರಾದರೆ ಕಣ್ಣುಮುಚ್ಚಿ ಹೆಲಿಕಲ್ ಹಾಕಿಸಿ. ಅದರಲ್ಲಿ ಸವೆಯುವ ಪ್ಲೇಟುಗಳಿಲ್ಲ, ಆಗಾಗ ಬಿಚ್ಚುವ ಗೋಜಿಲ್ಲ. 2002ರ ಫೋರ್ಡ್ ಫೋಕಸ್ ಆರ್‌ಎಸ್‌ಗೆ ಕಾರ್ಖಾನೆಯಲ್ಲೇ ಕೂರಿಸಿದ್ದು ಇಂಥದ್ದನ್ನೇ. ಆದರೆ ಒಂದು ಚಕ್ರ ನೆಲ ಬಿಟ್ಟು ಮೇಲೆದ್ದರೆ ಇದು ಹೆಚ್ಚುಕಡಿಮೆ ಸಾಮಾನ್ಯ ಡಿಫರೆನ್ಷಿಯಲ್‌ನಂತೆಯೇ ವರ್ತಿಸುತ್ತದೆ. ಟ್ರ್ಯಾಕ್‌ನಲ್ಲಿ ಕರ್ಬ್ (ಅಂಚಿನ ಕಟ್ಟೆ) ಹತ್ತಿಸಿ ಓಡಿಸುವವರು ಪ್ಲೇಟ್ ಮಾದರಿಯನ್ನು ಬಯಸುವುದು ಅದಕ್ಕೇ.

ಜೋಡಣೆಯಲ್ಲಿ ಮಾತ್ರ ದಯವಿಟ್ಟು ರಾಜಿಯಾಗಬೇಡಿ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಹಳೆಯ ಬೇರಿಂಗುಗಳನ್ನೇ ಮತ್ತೆ ಹಾಕಲು ಬಿಡಬೇಡಿ. ಟೇಪರ್ ಬೇರಿಂಗ್ (ಶಂಕುವಿನಾಕಾರದ ರೋಲರುಗಳದ್ದು) ಇದ್ದರೆ, ಹೊಸ ಡಿಫರೆನ್ಷಿಯಲ್‌ನ ಅಳತೆ ಕೂದಲೆಳೆಯಷ್ಟು ಬೇರೆಯಾದರೂ ಪ್ರೀಲೋಡ್, ಅಂದರೆ ಬೇರಿಂಗನ್ನು ಕೂರಿಸುವಾಗಲೇ ಕೊಡುವ ಬಿಗಿತ, ಬದಲಾಗುತ್ತದೆ. ಶಿಮ್‌ಗಳನ್ನು (ಸಂದು ತುಂಬುವ ತೆಳು ಬಿಲ್ಲೆಗಳನ್ನು) ಅಳೆದೇ ಆರಿಸಬೇಕು. ಕ್ರೌನ್ ವೀಲ್ (ಡಿಫರೆನ್ಷಿಯಲ್ ತಿರುಗಿಸುವ ದೊಡ್ಡ ಗೇರ್) ಬೋಲ್ಟುಗಳು ಹೊಸವಿರಲಿ, ಟಾರ್ಕ್ ರೆಂಚಿನಿಂದಲೇ ಬಿಗಿಸಿ. ಆಯಿಲ್ ಸೀಲ್‌ಗಳನ್ನು, ಸವೆದಿದ್ದರೆ ಕ್ಲಚ್ಚನ್ನೂ, ಅದೇ ಸಲ ಬದಲಿಸಿ.

ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿಡುವ ಕೆಳತೋಳಿನ ರಬ್ಬರ್) ಸಡಿಲವಿದ್ದರೆ ಮೊದಲು ಅದನ್ನು ಸರಿಪಡಿಸಿ. ಇಲ್ಲವಾದರೆ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಎಲ್ಲವೂ ಸರಿಯಿದ್ದರೆ, ಹೊರಕ್ಕೆ ಜಾರುತ್ತಿದ್ದ ಕಾರಿನ ಮೂತಿ ತಿರುವಿನ ಒಳಕ್ಕೇ ಎಳೆದುಕೊಳ್ಳುವುದು ಮೊದಲ ದಿನವೇ ನಿಮ್ಮ ಅನುಭವಕ್ಕೆ ಬರುತ್ತದೆ.