ಪ್ರತಿಕ್ರಿಯೆ: ಕೊಡಗಿನ ಐದು ತಾಲೂಕುಗಳ ಜನಸಾಂದ್ರತೆ ಲೆಕ್ಕ ಹಾಕುವುದು ಹೇಗೆ?

2011ರ ಜನಗಣತಿ ಪಟ್ಟಿಯಲ್ಲಿ ಮೂರೇ ತಾಲೂಕು ಕಾಣುತ್ತಿವೆ, ಐದಕ್ಕೂ ಸಾಂದ್ರತೆ ಬೇಕು ಎಂದು ಕೇಳಿದ್ದೀರಿ. ಪಟ್ಟಿ ತಪ್ಪಲ್ಲ. ಆಗ ಇದ್ದದ್ದು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಮಾತ್ರ. ಆಮೇಲೆ ಸೋಮವಾರಪೇಟೆಯಿಂದ ಕುಶಾಲನಗರ, ವಿರಾಜಪೇಟೆಯಿಂದ ಪೊನ್ನಂಪೇಟೆ ಬೇರೆಯಾದವು. ಹಳೆಯ ಅಂಕಿಯನ್ನು ಅರ್ಧರ್ಧ ಮಾಡಬೇಡಿ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಗ್ರಾಮವಾರು ಜನಸಂಖ್ಯೆ, ವಿಸ್ತೀರ್ಣ ಎರಡೂ ಇವೆ. ಹೊಸ ತಾಲೂಕಿನ ಹೋಬಳಿಗಳಿಗೆ ಸೇರಿದ ಗ್ರಾಮಗಳನ್ನು ಆರಿಸಿ ಕೂಡಿಸಿ, ಪಟ್ಟಣಗಳನ್ನು ಮರೆಯದೆ ಸೇರಿಸಿ, ಒಟ್ಟು ಜನಸಂಖ್ಯೆಯನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿ.

ಜಿಲ್ಲೆಯ ಮೊತ್ತದೊಂದಿಗೆ ತಾಳೆ ನೋಡಿ: 5,54,519 ಜನ, 4,102 ಚದರ ಕಿ.ಮೀ., ಅಂದರೆ ಚದರ ಕಿ.ಮೀ.ಗೆ 135. ರಾಜ್ಯದ ಸರಾಸರಿ 319.

ಆದರೆ ಈ 135 ಅನ್ನು ಹಾಗೇ ನಂಬಿದರೆ ದಾರಿ ತಪ್ಪುತ್ತೀರಿ. ಪಶ್ಚಿಮದಲ್ಲಿ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳು, ಆಗ್ನೇಯಕ್ಕೆ ನಾಗರಹೊಳೆ. ಅಲ್ಲೆಲ್ಲ ಜನವಸತಿ ತೀರಾ ವಿರಳ. ಕಾಡಿನ ವಿಸ್ತೀರ್ಣ ಕಳೆದು ಇನ್ನೊಂದು ಕಾಲಂ ಮಾಡಿ, ಆಗಲೇ ಕುಶಾಲನಗರದ ಕಾವೇರಿ ಬಯಲಿಗೂ 1,748 ಮೀಟರ್ ಎತ್ತರದ ತಡಿಯಂಡಮೋಳ್ ಸುತ್ತಲಿನ ಊರುಗಳಿಗೂ ಇರುವ ಅಂತರ ಕಾಣುವುದು.

ಸಾಂದ್ರತೆಯ ನಕ್ಷೆ ಮಾಡುವುದಾದರೆ ಊರಿನ ನಡುವೆ ಒಂದೇ ಚುಕ್ಕೆ ಇಡಬೇಡಿ. ಇಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿಲ್ಲ, ತೋಟ-ಗದ್ದೆಗಳ ಬದಿಯಲ್ಲಿ ಚದುರಿವೆ. ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ, ರೊಬಸ್ಟಾ ಕಾಫಿ ಕೊಯ್ಲಿಗೆ ಕೂಲಿಯವರು ಸೇರುವ ಹೊತ್ತು. ಲೈನ್ ಮನೆಗಳಿರುವ (ಕಾರ್ಮಿಕರ ಸಾಲುಮನೆಗಳು) ದೊಡ್ಡ ಎಸ್ಟೇಟ್ ಗ್ರಾಮಗಳ ಅಂಕಿ ಹೆಚ್ಚಾಗಿ ಕಂಡರೆ ಅದನ್ನೂ ಗಮನದಲ್ಲಿಡಿ.