‘ಪಾಯಿಂಟ್ ಫೈವ್’ ಮಾತ್ರೆಯನ್ನು ಬಿಡುವುದು ಹೇಗೆ?

ಆತಂಕದ ಮಾತ್ರೆಗಳ ಬಗ್ಗೆ ಈ ತಿಂಗಳೂ ಅವೇ ಪ್ರಶ್ನೆಗಳು ಬಂದಿವೆ. ಒಂದಕ್ಕೆ ಮಾತ್ರ ವಿಸ್ತಾರವಾಗಿ ಉತ್ತರಿಸುತ್ತೇನೆ. ಏಕೆಂದರೆ ಅದಕ್ಕೆ ಅಕ್ಕಪಕ್ಕದವರಿಂದ ತಪ್ಪು ಉತ್ತರ ಪಡೆದು ಆಸ್ಪತ್ರೆ ಸೇರಿದವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ, ಪ್ರೌಢಶಾಲಾ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ ಯಜಮಾನರಿಗೆ ಬೈಪಾಸ್ ಆದಾಗ ನಿದ್ದೆ ಹತ್ತುತ್ತಿರಲಿಲ್ಲ, ಎದೆ ಡವಗುಟ್ಟುತ್ತಿತ್ತು. ವೈದ್ಯರು ಕ್ಲೊನಾಜೆಪಾಮ್ 0.5 ಬರೆದುಕೊಟ್ಟರು. ಇಂದಿಗೂ ಅದೇ ಚೀಟಿ ತೋರಿಸಿ ತರಿಸಿಕೊಳ್ಳುತ್ತೇನೆ. ‘ಅದು ಚಟ ಹಿಡಿಸುತ್ತದೆ, ಇವತ್ತೇ ಬಿಡು’ ಎಂದು ತಂಗಿ ಹೇಳಿದ್ದರಿಂದ ಕಳೆದ ತಿಂಗಳು ನಿಲ್ಲಿಸಿದೆ. ಮೂರನೆಯ ರಾತ್ರಿಯಿಂದ ನಿದ್ದೆಯಿಲ್ಲ, ಕೈನಡುಕ, ಬೆವರು. ಪಾತ್ರೆ ಬಿದ್ದ ಸದ್ದಿಗೂ ಬೆಚ್ಚಿಬೀಳುತ್ತಿದ್ದೆ. ಮತ್ತೆ ಶುರುಮಾಡಿದೆ. ನನ್ನ ಕಾಯಿಲೆ ವಾಸಿಯೇ ಆಗಿಲ್ಲವೆ?

ಉತ್ತರ: ಕಾಯಿಲೆ ಮರುಕಳಿಸಿದೆ ಎಂದು ಇದರಿಂದ ತೀರ್ಮಾನಿಸಬೇಡಿ. ಮೂಲ ಆತಂಕ ಮರಳುವುದಾದರೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಕಳೆದು, ಹಳೆಯ ರೂಪದಲ್ಲೇ ನಿಧಾನವಾಗಿ ಮರಳುತ್ತದೆ. ನಿಮಗಾದದ್ದು ಮೂರೇ ದಿನಗಳಲ್ಲಿ. ಅದರಲ್ಲೂ ಕೈನಡುಕ, ಬೆವರು, ಸದ್ದಿಗೆ ಬೆಚ್ಚುವುದು ಮೊದಲಿದ್ದ ತೊಂದರೆಗಳೇ ಅಲ್ಲ. ಇವು ಮಾತ್ರೆ ಏಕಾಏಕಿ ನಿಂತದ್ದರ ಲಕ್ಷಣಗಳು. ಆಲ್ಪ್ರಜೋಲಾಮ್, ಲೊರಾಜೆಪಾಮ್, ಡಯಾಜೆಪಾಮ್‌ಗಳೂ ಸೇರಿದ ಬೆಂಜೊಡಯಾಜೆಪಿನ್ ಗುಂಪಿನ ಈ ಔಷಧ, ಮಿದುಳಿನ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಬಲ ಕೊಡುತ್ತದೆ. ಆ ಬಲ ತಿಂಗಳುಗಟ್ಟಲೆ ಹೊರಗಿನಿಂದಲೇ ಸಿಗುತ್ತಿದ್ದರೆ ಮಿದುಳು ಅದಕ್ಕೆ ಹೊಂದಿಕೊಂಡು ಗಾಬಾಕ್ಕೆ ತಾನು ಸ್ಪಂದಿಸುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ; ಆ ಹೊತ್ತಿನಲ್ಲಿ ಮಾತ್ರೆ ತಪ್ಪಿದರೆ ಉದ್ರೇಕಕ್ಕೆ ತಡೆಯೇ ಇಲ್ಲವಾಗುತ್ತದೆ.

‘ಬರೀ ಪಾಯಿಂಟ್ ಫೈವ್ ಡಾಕ್ಟ್ರೇ, ಸಣ್ಣ ಮಾತ್ರೆ’ ಎಂಬ ಮಾತನ್ನು ದಿನವೂ ಕೇಳುತ್ತೇನೆ. ಸಂಖ್ಯೆ ಸಣ್ಣದೆಂದು ಔಷಧ ಸಣ್ಣದಾಗುವುದಿಲ್ಲ, 0.5 ಮಿಲಿಗ್ರಾಂ ಕ್ಲೊನಾಜೆಪಾಮ್ ಸುಮಾರು 10 ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮವೆಂದು ಹಲವು ಕೋಷ್ಟಕಗಳು ಲೆಕ್ಕ ಹಾಕುತ್ತವೆ. ಹಾಗೆಂದು ನಿಮ್ಮದು ಚಟವೂ ಅಲ್ಲ. ನೀವು ಡೋಸ್ ಏರಿಸಿಕೊಂಡಿಲ್ಲ, ಮಾತ್ರೆಗಾಗಿ ಯಾರಿಗೂ ಸುಳ್ಳು ಹೇಳಿಲ್ಲ. ಬರೆದುಕೊಟ್ಟ ಔಷಧವನ್ನು ಬರೆದಂತೆಯೇ ತೆಗೆದುಕೊಂಡವರ ದೇಹವೂ ಅದಕ್ಕೆ ಒಗ್ಗಿಹೋಗುತ್ತದೆ. ಅದನ್ನು ಅವಲಂಬನೆ ಎನ್ನುತ್ತೇವೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತಪ್ಪಾದದ್ದು ಮೊದಲ ದಿನದ ಚೀಟಿಯಲ್ಲಿ: ಎಂದು ನಿಲ್ಲಿಸಬೇಕು ಎಂಬುದನ್ನು ಅದರಲ್ಲಿ ಯಾರೂ ಬರೆಯಲಿಲ್ಲ. ನಾಲ್ಕು ವರ್ಷ ಅದೇ ಚೀಟಿಗೆ ಮಾತ್ರೆ ಕೊಟ್ಟ ಔಷಧದಂಗಡಿಯವರದೂ ತಪ್ಪೇ. ಇದೇ ಗುಂಪಿನ ಆಲ್ಪ್ರಜೋಲಾಮ್, ಡಯಾಜೆಪಾಮ್‌ಗಳು 2014ರ ಮಾರ್ಚ್‌ನಿಂದ ಔಷಧ ನಿಯಮಗಳ ಎಚ್1 ಎಂಬ ಬಿಗಿ ನಿಗಾದ ಪಟ್ಟಿಯಲ್ಲಿವೆ. ಅವನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ 3 ವರ್ಷ ಕಾಪಾಡಬೇಕು ಎಂಬ ನಿಯಮ ಬಂದಿರುವುದು ಇಂಥ ಬಳಕೆಯನ್ನು ತಡೆಯುವುದಕ್ಕಾಗಿಯೇ.

ನಿಮ್ಮ ತಂಗಿಯ ಸಲಹೆ ಪ್ರೀತಿಯಿಂದ ಬಂದದ್ದು, ಆದರೆ ಅಪಾಯಕಾರಿ. ವರ್ಷಗಟ್ಟಲೆ ಆಲ್ಪ್ರಜೋಲಾಮ್ ತೆಗೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಕಾಶಿಯಾತ್ರೆಗೆ ಹೊರಟಾಗ ಮಾತ್ರೆಯ ಡಬ್ಬಿಯನ್ನು ದೇವರಕೋಣೆಯಲ್ಲೇ ಮರೆತು ಹೋಗಿದ್ದರು. ಮೂರನೆಯ ದಿನ ರೈಲಿನಲ್ಲಿ ಅವರಿಗೆ ಜೀವನದಲ್ಲಿ ಮೊದಲ ಬಾರಿ ಫಿಟ್ಸ್ ಬಂತು. ಆ ಮಾತ್ರೆ ದೇಹದಿಂದ ಬೇಗ ಹೊರಹೋಗುತ್ತದೆ. ಕ್ಲೊನಾಜೆಪಾಮ್ ನಿಧಾನ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಈಗಿನ ಡೋಸ್ ಮುಂದುವರಿಸಿ, ಮನೋವೈದ್ಯರನ್ನು ಕಂಡು, ಅವರ ನಿಗಾದಲ್ಲಿ ಇಳಿಸಿ. ಒಮ್ಮೆಗೆ ಆಗ ತೆಗೆದುಕೊಳ್ಳುತ್ತಿರುವ ಡೋಸ್‌ನ ಹತ್ತನೇ ಒಂದು ಭಾಗದ ಆಸುಪಾಸು, ಎರಡರಿಂದ ನಾಲ್ಕು ವಾರಗಳಿಗೊಮ್ಮೆ. 0.25ರ ಮಾತ್ರೆಯೂ ಸಿಗುತ್ತದೆ. ಅದನ್ನು ಅಡುಗೆಮನೆಯ ಚಾಕುವಿನಿಂದಲ್ಲ, ಮಾತ್ರೆ ಕತ್ತರಿಸುವ ಪುಟ್ಟ ಪೆಟ್ಟಿಗೆಯಿಂದ ನಾಲ್ಕು ತುಂಡು ಮಾಡಿದರೆ ಒಂದು ತುಂಡು ನಿಮ್ಮ ಈಗಿನ ಡೋಸ್‌ನ ಎಂಟನೇ ಒಂದು ಭಾಗವಾಗುತ್ತದೆ. ಮೊದಲ ಇಳಿಕೆಗೆ ಅಷ್ಟು ಸಾಕು. ಇಳಿಸಿದ ಮೇಲೆ ಕಷ್ಟವಾದರೆ ಆ ಮೆಟ್ಟಿಲಲ್ಲೇ ಇನ್ನೆರಡು ವಾರ ನಿಲ್ಲಿ. ದಿನ ಬಿಟ್ಟು ದಿನ ತೆಗೆದುಕೊಳ್ಳುವ ಉಪಾಯ ಬೇಡ. ಅದರಿಂದ ಮಿದುಳಿಗೆ ಒಂದು ದಿನ ಏರು, ಒಂದು ದಿನ ಇಳಿವು. ನಿಮ್ಮಂಥವರಿಗೆ ಇದು ಆರು ತಿಂಗಳಿಂದ ಒಂದು ವರ್ಷದ ಕೆಲಸ, ಮತ್ತು ಕೊನೆಯ ಕಾಲು ಮಾತ್ರೆಯೇ ಹೆಚ್ಚಿನವರಿಗೆ ಕಷ್ಟದ್ದು. ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಇದನ್ನೇ ಮೂರ್ಛೆರೋಗಕ್ಕೆಂದು ತೆಗೆದುಕೊಳ್ಳುತ್ತಿರುವ ಓದುಗರಿಗೆ ಈ ಉತ್ತರ ಸಂಬಂಧಿಸಿದ್ದಲ್ಲ. ಅವರು ಡೋಸ್ ಮುಟ್ಟಲೇಬಾರದು.

ಇಳಿಸುವ ಮೊದಲು ಮೂಲ ಆತಂಕ ಇನ್ನೂ ಇದೆಯೆ ಎಂದು ನೋಡಬೇಕು. ಇದ್ದರೆ ಅದಕ್ಕೆ ಎಸಿಟಾಲೊಪ್ರಾಮ್, ಸರ್ಟ್ರಲಿನ್‌ನಂಥ ಔಷಧಗಳಿವೆ, ಮಾತಿನ ಚಿಕಿತ್ಸೆಯಿದೆ. ಆ ಔಷಧಗಳು ಹಿಡಿಯಲು ಎರಡರಿಂದ ಆರು ವಾರ ಬೇಕು, ಮೊದಲ ವಾರ ಚಡಪಡಿಕೆ ಹೆಚ್ಚಲೂಬಹುದು. ಆ ಕೆಲವು ವಾರಗಳನ್ನು ದಾಟಿಸುವುದಕ್ಕೆ ಕ್ಲೊನಾಜೆಪಾಮ್ ನಿಜಕ್ಕೂ ಒಳ್ಳೆಯ ಔಷಧ, ಮತ್ತು ಬಿಡದೆ ಬರುವ ಫಿಟ್ಸ್ ನಿಲ್ಲಿಸಲು ತುರ್ತು ಚಿಕಿತ್ಸೆಯಲ್ಲಿ ಲೊರಾಜೆಪಾಮ್ ಜೀವ ಉಳಿಸುತ್ತದೆ. ಇವನ್ನು ವಿಷವೆಂದು ಹೆದರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಎಸಿಟಾಲೊಪ್ರಾಮ್ ಮತ್ತು ಕ್ಲೊನಾಜೆಪಾಮ್ ಎರಡನ್ನೂ ಒಂದರಲ್ಲೇ ಸೇರಿಸಿದ ಮಾತ್ರೆಯನ್ನು ನಾನು ಬರೆಯುವುದಿಲ್ಲ. ಮೊದಲನೆಯದು ತಿಂಗಳುಗಟ್ಟಲೆ ಬೇಕು, ಎರಡನೆಯದು ವಾರಗಳಷ್ಟೇ ಸಾಕು. ಎರಡೂ ಒಂದೇ ಬಿಲ್ಲೆಯಲ್ಲಿದ್ದರೆ ಒಂದನ್ನು ಉಳಿಸಿ ಇನ್ನೊಂದನ್ನು ಇಳಿಸುವುದು ಹೇಗೆ?

ಊರಲ್ಲಿ ಮನೋವೈದ್ಯರಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ಪರೀಕ್ಷೆಯ ಹಿಂದಿನ ರಾತ್ರಿ ನನ್ನ ಮಾತ್ರೆಯಲ್ಲಿ ಅರ್ಧ ಕೊಡಬಹುದೆ?

ಉತ್ತರ: ಕೂಡದು, ಓದಿದ್ದು ನೆನಪಿನಲ್ಲಿ ನಿಲ್ಲುವುದಕ್ಕೇ ಅದು ಅಡ್ಡಿ.

ಪ್ರಶ್ನೆ: ಶನಿವಾರ ಎರಡು ಪೆಗ್ ತೆಗೆದುಕೊಳ್ಳುತ್ತೇನೆ. ಆ ರಾತ್ರಿಯೂ ಮಾತ್ರೆ ನುಂಗಬಹುದೆ?

ಉತ್ತರ: ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸಬಲ್ಲವು. ಬಿಡಬೇಕಾದದ್ದು ಪೆಗ್. ಟ್ರಾಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್‌ಗಳಿಗೂ ಇದೇ ಎಚ್ಚರಿಕೆ.

ಪ್ರಶ್ನೆ: ಭಾಷಣದ ಅಂಜಿಕೆಗೆ ಗೆಳೆಯರು ಪ್ರೊಪ್ರನೊಲಾಲ್ ಸೂಚಿಸಿದ್ದಾರೆ. ನನಗೆ ಅಸ್ತಮಾ ಇದೆ.

ಉತ್ತರ: ಅಸ್ತಮಾ ಇರುವವರು ಅದನ್ನು ತೆಗೆದುಕೊಳ್ಳಬಾರದು.

ಪ್ರಶ್ನೆ: ನರದೌರ್ಬಲ್ಯಕ್ಕೆ ಔಷಧ ಕೊಡುವವರೊಬ್ಬರು ತಾಯಿಗೆ ಬೇರಿನ ಪುಡಿ ಕೊಟ್ಟಿದ್ದಾರೆ. ಎರಡು ವರ್ಷದಿಂದ ಸೊಗಸಾದ ನಿದ್ದೆ. ಅಡ್ಡಪರಿಣಾಮವೇ ಇಲ್ಲವಂತೆ, ನಿಜವೆ?

ಉತ್ತರ: ಪೊಟ್ಟಣದ ಮೇಲೆ ಹೆಸರಿಲ್ಲ, ಪ್ರಮಾಣವಿಲ್ಲ, ತಯಾರಿಸಿದವರಾರೆಂದೂ ಇಲ್ಲ; ಆದರೂ ಮೊದಲ ರಾತ್ರಿಯೇ ಗಾಢ ನಿದ್ದೆ ಬಂದಿದ್ದರೆ ಅದರಲ್ಲಿ ಅರೆದ ನಿದ್ದೆಮಾತ್ರೆ ಇರಬಹುದೆಂದೇ ನಾನು ಶಂಕಿಸುತ್ತೇನೆ. ತೆಲಂಗಾಣದ ಸೇಂದಿಯಲ್ಲಿ ಆಲ್ಪ್ರಜೋಲಾಮ್ ಬೆರೆಸುತ್ತಿದ್ದುದು ಬಯಲಾಗಿದೆ. ಅಂಥ ಸೇಂದಿ ಒಮ್ಮೆಲೇ ಸಿಗದಾದಾಗ ಕುಡಿಯುತ್ತಿದ್ದವರು ಫಿಟ್ಸ್, ಭ್ರಮೆಗಳಿಂದ ಆಸ್ಪತ್ರೆ ಸೇರಿದ್ದಾರೆ. ‘ಅಡ್ಡಪರಿಣಾಮವಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿ, ಒಳಗೇನಿದೆ ಎಂದು ಬರೆದುಕೊಡಲು ಒಪ್ಪದವರು ವೈದ್ಯರಲ್ಲ. ಈ ವಾರವೇ ಪೊಟ್ಟಣದ ಸಮೇತ ತಾಯಿಯನ್ನು ಮನೋವೈದ್ಯರ ಬಳಿ ಕರೆದೊಯ್ಯಿರಿ. ನನ್ನ ಉತ್ತರ ಓದಿ ಹೆದರಿ ಇವತ್ತು ರಾತ್ರಿಯೇ ಪುಡಿಯನ್ನು ಬಚ್ಚಲಿಗೆ ಸುರಿಯಬೇಡಿ, ಏಕೆಂದರೆ ಒಳಗಿರುವುದು ಏನೆಂದು ತಿಳಿಯುವವರೆಗೆ ಶಿಕ್ಷಕಿಯವರಿಗೆ ಹೇಳಿದ ಎಚ್ಚರಿಕೆ ನಿಮ್ಮ ತಾಯಿಗೂ ಅನ್ವಯಿಸುತ್ತದೆ.