ಹಳ್ಳಕ್ಕೂ ಜಾಗಕ್ಕೂ ಏನು ಸಂಬಂಧ?

ಪುತ್ತೂರಿನ ಓದುಗರೊಬ್ಬರ ಪತ್ರ: "ಕ್ಯಾಲಿಫೋರ್ನಿಯಾದ ಬೆಟ್ಟದ ಹಳ್ಳಕ್ಕೆ ನೀರುನಾಯಿ ಬಿಟ್ಟ ಸುದ್ದಿ ಹಾಕಿದ್ದೀರಿ. ಕಟ್ಟ ಬೇಕಾದರೆ ಜೆಸಿಬಿಗೆ ಒಂದು ದಿನದ ಕೆಲಸ. ಪ್ರಾಣಿ ಯಾಕೆ? ಮೂಲನಿವಾಸಿಗಳಿಗೆ ಜಾಗ ಕೊಟ್ಟದ್ದಕ್ಕೂ ಹಳ್ಳಕ್ಕೂ ಏನು ಸಂಬಂಧ?"

ಉತ್ತರ: ಮೊದಲು ಹೆಸರಿನ ವಿಷಯ. ಅದು ನೀರುನಾಯಿ ಅಲ್ಲ, ಬೀವರ್. ನೀರುನಾಯಿ ಮೀನು ತಿನ್ನುತ್ತದೆ. ಬೀವರ್ ಇಲಿ, ಅಳಿಲುಗಳ ಬಳಗದ್ದು. ತೊಗಟೆ, ಎಲೆ ತಿಂದು ಬದುಕುತ್ತದೆ.

ನೀವು ಕಟ್ಟ ಹಾಕುವ ಊರಿನವರು. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಲ್ಲು, ಮಣ್ಣಿನ ಕಟ್ಟ ಹಾಕಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಏರುತ್ತದೆ, ಅಲ್ವಾ? ಬೀವರ್ ಮಾಡುವುದೂ ಅದನ್ನೇ. ಹಲ್ಲಿನಿಂದ ಕೊಂಬೆ ಕಡಿದು ನೀರಿಗೆ ಅಡ್ಡ ಒಟ್ಟುತ್ತದೆ. ತಳದ ಕೆಸರನ್ನು ಮುಂಗಾಲುಗಳಲ್ಲಿ ಎದೆಗೆ ಅವಚಿಕೊಂಡು ತಂದು ಸಂದಿಗೆ ಮೆತ್ತುತ್ತದೆ. ಆದರೂ ಕಟ್ಟ ಸ್ವಲ್ಪ ಸೋರುತ್ತಲೇ ಇರುತ್ತದೆ. ಹಾಗಾಗಿ ಕೆಳಗೂ ನೀರು ಹರಿಯುತ್ತದೆ. ಎಲ್ಲಾದರೂ ಜಾಸ್ತಿ ಸೋರಿದರೆ ನೀರಿನ ಸದ್ದು ಹಿಡಿದು ಬಂದು ಮುಚ್ಚುತ್ತದೆ. ಜೆಸಿಬಿ ಒಮ್ಮೆ ಬಂದು ಹೋಗುತ್ತದೆ. ಕಟ್ಟ ಒಡೆದ ರಾತ್ರಿ ರಿಪೇರಿಗೆ ಯಾರು ಬರುತ್ತಾರೆ?

ಇನ್ನು ಜಾಗದ ಮಾತು. ಸಿಯೆರಾ ನೆವಾಡಾ ಬೆಟ್ಟಗಳ ನಡುವಿನ ಆ ಕಣಿವೆ ಮೈಡು ಎಂಬ ಮೂಲನಿವಾಸಿ ಜನರದ್ದು. ಅವರು ಅದನ್ನು ತಾಸ್ಮಮ್ ಕೊಯೋಮ್ ಎನ್ನುತ್ತಾರೆ. ಅದು ಅವರ ಕೈತಪ್ಪಿ, ಕೊನೆಗೆ ವಿದ್ಯುತ್ ಕಂಪನಿಯೊಂದರ ಆಸ್ತಿಯಾಗಿತ್ತು. ಇತ್ತ ತುಪ್ಪಳದ ಆಸೆಗೆ ಬೇಟೆಯಾಡಿ ಕ್ಯಾಲಿಫೋರ್ನಿಯಾದ ಬಹುಪಾಲು ಬೀವರ್‌ಗಳನ್ನು ಮುಗಿಸಿದ್ದರು. ಕಟ್ಟವಿಲ್ಲದ ಹಳ್ಳ ನೆಲ ಕೊರೆಯುತ್ತಾ ಆಳಕ್ಕಿಳಿಯುತ್ತದೆ. ಅಂತರ್ಜಲವೂ ಜತೆಗೇ ಇಳಿಯುತ್ತದೆ. ಹುಲ್ಲುಗಾವಲು ಒಣಗುತ್ತದೆ.

2019ರಲ್ಲಿ ಅಲ್ಲಿನ 2,325 ಎಕರೆ ಮೈಡು ಜನರ ಒಕ್ಕೂಟದ ಹೆಸರಿಗೆ ಬಂತು. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ವನ್ಯಜೀವಿ ಇಲಾಖೆ ಮತ್ತು ಒಕ್ಕೂಟ ಸೇರಿ ಏಳು ಬೀವರ್‌ಗಳ ಒಂದು ಸಂಸಾರವನ್ನು ಅಲ್ಲಿ ಬಿಟ್ಟರು. ಆ ರಾಜ್ಯದಲ್ಲಿ ಇಂಥ ಕೆಲಸ ನಡೆದು ಸುಮಾರು 75 ವರ್ಷವಾಗಿತ್ತು. ಫೋಟೊ ಬಂದದ್ದು 2023ರದ್ದು. ನನಗೆ ದೊಡ್ಡದಾಗಿ ಕಾಣುವುದು 2019. ಯಾಕೆಂದರೆ ಬೀವರ್ ಕಟ್ಟಿದರೆ ನೀರು ದಂಡೆ ಮೀರಿ ಹರಡುತ್ತದೆ. ಜಾಗದಿಂದ ಬರೀ ಮರ, ಮೇವು ಬೇಕಾದವರಿಗೆ ಅದು ಕಾಟ. ಅಂಥ ದೂರು ಬಂದಾಗ ಬೀವರ್ ಕೊಲ್ಲಲು ಅಲ್ಲಿ ಪರ್ಮಿಟ್ ಕೊಡುತ್ತಿದ್ದರು. ಮೈಡು ಜನರಿಗೋ ನೀರು ನಿಂತ ಕಣಿವೆಯೇ ಬೇಕು. ಅವರು ಬುಟ್ಟಿ ಹೆಣೆಯುವ ವಿಲ್ಲೋ ಗಿಡ ಬೆಳೆಯುವುದೇ ಒದ್ದೆ ನೆಲದಲ್ಲಿ. "ನೀರು ಹರಡಲಿ, ಬಿಡಿ" ಎನ್ನುವ ಹಕ್ಕು ಈಗ ಅವರ ಕೈಯಲ್ಲಿದೆ.

2024ರಲ್ಲಿ ಅದೇ ರಾಜ್ಯದ ಟೂಲಿ ರಿವರ್ ಬುಡಕಟ್ಟಿನ ಜಾಗದಲ್ಲೂ ಬೀವರ್ ಬಿಟ್ಟರು. ಅಲ್ಲಿನ ಬಂಡೆಯೊಂದರ ಮೇಲೆ ಬೀವರ್ ಚಿತ್ರವಿದೆ. ಅವರ ಹಿರಿಯರು ಬರೆದು 500 ವರ್ಷಕ್ಕೂ ಮೇಲಾಗಿದೆ.

ಈ ಸಲ ನಿಮ್ಮ ತೋಡಿಗೆ ಕಟ್ಟ ಹಾಕಿದಾಗ ಒಂದು ಫೋಟೊ ಕಳಿಸಿ. ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ